ಯಾವ ಏರಿಯಾ ಒಳ್ಳೇದು ಅಕ್ಕಾ?

ಚಿಪ್ ಕಂಪನಿಗಳು ಯಾವಾಗ ಆಫರ್ ಲೆಟರ್ ಕಳಿಸ್ತಿವೆ ಅಂತ ಅರಿಜೋನಾದ ಫೀನಿಕ್ಸ್ ಪಕ್ಕದ ನಮ್ಮನೇಲಿ ನ್ಯೂಸ್ ನೋಡಿ ತಿಳ್ಕೋಬೇಕಾಗಿಲ್ಲ, ಫೋನೇ ಹೇಳುತ್ತೆ. ಆಸ್ಟಿನ್‌ನಿಂದ ಒಂದು, ಪೋರ್ಟ್‌ಲ್ಯಾಂಡ್ ಪಕ್ಕದ ಹಿಲ್ಸ್‌ಬರೋದಿಂದ ಎರಡು, ಒಮ್ಮೊಮ್ಮೆ ನೇರ ಬೆಂಗ್ಳೂರಿಂದ. ಯಾರದೋ ಕಸಿನ್ನು, ಯಾರದೋ ಹಳೇ ರೂಮ್‌ಮೇಟು, ಕನ್ನಡ ಸಂಘದ ವಾಟ್ಸಾಪ್ ಗ್ರೂಪಲ್ಲಿ ನನ್ನ ನಂಬರ್ ಹಿಡ್ಕೊಂಡೋರು. ಎರಡು ಮಾತು ಊಟ ತಿಂಡಿ ವಿಚಾರಿಸಿ ಮೂರನೇ ಮಾತಿಗೆ ಬಂದೇ ಬರುತ್ತೆ: ಫೀನಿಕ್ಸ್‌ಗೆ ಮೂವ್ ಆಗ್ತಿದ್ದೀವಿ, ಮಕ್ಳಿರೋರಿಗೆ ಯಾವ ಏರಿಯಾ ಒಳ್ಳೇದು ಅಕ್ಕಾ? ನಾನು ಬಾಯಿ ಬಿಡೋಕ್ ಮುಂಚೆನೇ ಅವರ ಹತ್ರ ಒಂದು ಎಕ್ಸೆಲ್ ಶೀಟ್ ರೆಡಿ ಇರುತ್ತೆ, ಕೆಲವರು ಶೇರ್ ಕೂಡ ಮಾಡ್ತಾರೆ. ಸ್ಕೂಲ್ ರೇಟಿಂಗ್ ಹತ್ತಕ್ಕೆ ಎಷ್ಟು, ಆಫೀಸಿಗೆ ಎಷ್ಟು ನಿಮಿಷ, ಚದರಡಿಗೆ ಎಷ್ಟು ಡಾಲರ್, ಇಂಡಿಯನ್ ಸ್ಟೋರ್ ಎಷ್ಟು ಮೈಲಿ, ದೇವಸ್ಥಾನ ಎಷ್ಟು ಮೈಲಿ. ನೆರಳು ಅನ್ನೋ ಕಾಲಮ್ ಇರೋ ಶೀಟನ್ನ ನಾನು ಇವತ್ತಿನವರೆಗೆ ನೋಡಿಲ್ಲ.

ಅದಕ್ಕೇ ಈಗ ಎಲ್ರಿಗೂ ಒಂದೇ ಮಾತು ಹೇಳೋಕೆ ಶುರು ಮಾಡಿದೀನಿ, ಮನೆ ನೋಡೋದಾದ್ರೆ ಜುಲೈಲಿ ಬಂದು ನೋಡಿ, ಸಂಜೆ ಐದೂವರೆಗೆ ಒಂದ್ಸಲ, ರಾತ್ರಿ ಒಂಬತ್ತಕ್ಕೆ ಇನ್ನೊಂದ್ಸಲ. ಅರ್ಧ ಜನ ನಗ್ತಾರೆ, ಇನ್ನರ್ಧ ಜನ ನಾನೇನೋ ಅವರನ್ನ ಬರ್ಬೇಡಿ ಅಂತಿದೀನಿ ಅಂದ್ಕೊಂಡು ಬೇರೆಯವರ ನಂಬರ್ ಹುಡುಕ್ತಾರೆ. ಫೋನಲ್ಲಿ ಪೂರ್ತಿ ಹೇಳೋಕಾಗಲ್ಲ, ಹಾಗಾಗಿ ಇಲ್ಲಿ ಬರೀತಿದೀನಿ.

ಫೆಬ್ರವರಿಯ ಫೀನಿಕ್ಸು

ಎಲ್ರೂ ಬರೋದು ಫೆಬ್ರವರಿಲಿ. ಕಂಪನಿ ಕೊಡೋ ಹೌಸ್ ಹಂಟಿಂಗ್ ಟ್ರಿಪ್ಪು, ಲಾಂಗ್ ವೀಕೆಂಡ್, ಹೊರಗೆ ಇಪ್ಪತ್ತೆರಡು ಡಿಗ್ರಿ, ಅಂಗಳಗಳಲ್ಲಿ ಕಿತ್ತಳೆ ತೂಗ್ತಿರುತ್ತೆ, ಮಿನ್ನೆಸೋಟಾ ಕೆನಡಾ ಕಡೆಯ ಅಜ್ಜ ಅಜ್ಜಿಯರೆಲ್ಲ ಶಾರ್ಟ್ಸ್ ಹಾಕ್ಕೊಂಡು ಸೈಕಲ್ ಹೊಡೀತಿರ್ತಾರೆ. ಹಿಲ್ಸ್‌ಬರೋ ಮಳೆಯಲ್ಲಿ ವರ್ಷಗಟ್ಲೆ ನೆನೆದು ಬಂದೋರಿಗೆ ಇದು ಸ್ವರ್ಗ. ಪಾರ್ಕ್ ತುಂಬ ಮಕ್ಳು, ಮನೆ ಹಿಂದೆ ಪೂಲು, ಅಗಲವಾದ ರೋಡು. ಇಂಥ ದಿನ ಯಾವ ಏರಿಯಾ ತೋರಿಸಿದ್ರೂ ಒಳ್ಳೇದಾಗೇ ಕಾಣುತ್ತೆ, ಅದೇ ತೊಂದರೆ.

ಇಲ್ಲಿಯ ವರ್ಷ ಬೇರೆ ಥರ. ಹಬ್ಬದ ಲೆಕ್ಕದಲ್ಲಿ ಹೇಳೋದಾದ್ರೆ ಅಕ್ಷಯ ತದಿಗೆಗೆ ಮಕ್ಳು ಮನೆಯೊಳಗೆ ಸೇರಿದ್ರೆ ಮತ್ತೆ ಹಗಲು ಹೊತ್ತಲ್ಲಿ ಧೈರ್ಯವಾಗಿ ಹೊರಗೆ ಬರೋದು ದಸರಾ ಕಳೆದ್ಮೇಲೆ. 2023ರಲ್ಲಿ ಜೂನ್ 30ರಿಂದ ಜುಲೈ 30ರವರೆಗೆ ಸಾಲಾಗಿ 31 ದಿನ 110 ಫ್ಯಾರನ್‌ಹೀಟ್ ಮುಟ್ತು ಇಲ್ವೇ ದಾಟ್ತು, ನಮ್ಮ ಲೆಕ್ಕದಲ್ಲಿ 43 ಡಿಗ್ರಿ ಮೇಲೆ. ಆ ಜುಲೈನಲ್ಲಿ ಹಗಲು ರಾತ್ರಿ ಎಲ್ಲ ಸೇರಿಸಿ ಸರಾಸರಿ ತೆಗೆದ್ರೇನೇ 102.7 ಬಂತು, ಸಾಲಾಗಿ 16 ರಾತ್ರಿ 90ರ ಕೆಳಗೆ ಇಳೀಲೇ ಇಲ್ಲ. ಮಾರನೇ ವರ್ಷ 2024ರಲ್ಲಿ ಸತತ 113 ದಿನ ನೂರು ಮುಟ್ಟಿತ್ತು ಇಲ್ವೇ ದಾಟಿತ್ತು. ತಣ್ಣೀರಿನ ನಲ್ಲಿ ತಿರುಗಿಸಿದ್ರೂ ಬಿಸಿನೀರೇ ಬರುತ್ತೆ, ಕಾರ್ ಬ್ಯಾಟರಿ ಎರಡು ಮೂರು ವರ್ಷಕ್ಕೇ ಕೈ ಕೊಡುತ್ತೆ, ಡಾಂಬರ್ ರೋಡಿಗೆ ಬಿದ್ದೋರು ಸುಟ್ಟಗಾಯ ಆಗಿ ಆಸ್ಪತ್ರೆ ಸೇರ್ತಾರೆ. ಇದನ್ನೆಲ್ಲ ಹೆದರಿಸೋಕೆ ಹೇಳ್ತಿಲ್ಲ. ನಾವಿಲ್ಲಿ ಆರಾಮಾಗೇ ಇದೀವಿ, ಬಿಟ್ಟು ಹೋಗೋ ಯೋಚ್ನೆನೂ ಇಲ್ಲ. ಆದ್ರೆ ಏರಿಯಾ ಆರಿಸೋ ಪ್ರಶ್ನೆನ ಈ ಐದು ತಿಂಗಳಿನ ಕಡೆಯಿಂದ ನೋಡ್ಬೇಕೇ ಹೊರತು ಆ ಮೂರು ದಿನದ ಟ್ರಿಪ್ಪಿನ ಕಡೆಯಿಂದ ಅಲ್ಲ.

ಊರು ಬಿಡಿ, ಚೌಕ ನೋಡಿ

ಫೀನಿಕ್ಸ್ ಸುತ್ತಲಿನ ಊರುಗಳಲ್ಲಿ ಚಾಂಡ್ಲರ್ ಒಳ್ಳೇದಾ ಗಿಲ್ಬರ್ಟ್ ಒಳ್ಳೇದಾ ಅಂತ ಕೇಳ್ತಾರೆ. ನನ್ನ ಕೇಳಿದ್ರೆ ಆ ಪ್ರಶ್ನೆಗೆ ಅರ್ಥನೇ ಇಲ್ಲ. ಇಂಟೆಲ್‌ನ ದೊಡ್ಡ ಕ್ಯಾಂಪಸ್ ಚಾಂಡ್ಲರ್ ದಕ್ಷಿಣಕ್ಕಿದೆ, ಹಾಗಾಗಿ ನಮ್ಮವರು ಮೊದಲಿಂದ್ಲೂ ಚಾಂಡ್ಲರ್, ಗಿಲ್ಬರ್ಟ್, ಟೆಂಪಿ ಸುತ್ತಮುತ್ತ ಸೇರ್ಕೊಂಡ್ರು. ತೈವಾನಿನ ಚಿಪ್ ಕಂಪನಿ ಟಿಎಸ್‌ಎಂಸಿ 2020ರಲ್ಲಿ ಫ್ಯಾಕ್ಟರಿ ಅನೌನ್ಸ್ ಮಾಡಿದ್ದು ಉತ್ತರ ಫೀನಿಕ್ಸಲ್ಲಿ, ಐ-17 ಹೆದ್ದಾರಿ ಹತ್ರ, ಚಾಂಡ್ಲರ್‌ನಿಂದ ಸುಮಾರು ನಲ್ವತ್ತು ಮೈಲಿ. ಅಲ್ಲಿ ಕೆಲಸ ಸಿಕ್ಕವರು ಪಿಯೋರಿಯಾ, ಡೀರ್ ವ್ಯಾಲಿ ಕಡೆ ನೋಡ್ಲೇಬೇಕು, ಕನ್ನಡದವರೆಲ್ಲ ಚಾಂಡ್ಲರ್‌ನಲ್ಲಿದಾರೆ ಅಂತ ಇಲ್ಲಿ ಮನೆ ಮಾಡಿದ್ರೆ ಮಕ್ಳಿಗೆ ಅಪ್ಪ ಸಿಗೋದು ಶನಿವಾರ ಭಾನುವಾರ ಮಾತ್ರ. ಇನ್ನೊಂದು ಇಲ್ಲಿಯ ಹಳಬರ ಲೆಕ್ಕ ಇದೆ, ಆಫೀಸಿನ ಪೂರ್ವಕ್ಕೆ ಮನೆ ಮಾಡಿದ್ರೆ ಬೆಳಗ್ಗೆ ಸಂಜೆ ಎರಡೂ ಹೊತ್ತು ಸೂರ್ಯ ಬೆನ್ನಿಗಿರ್ತಾನೆ, ಪಶ್ಚಿಮಕ್ಕೆ ಮಾಡಿದ್ರೆ ಎರಡೂ ಹೊತ್ತು ಕಣ್ಣಿಗೆ. ಒಂದು ವಾರ ಡ್ರೈವ್ ಮಾಡಿ, ಇದು ತಮಾಷೆ ಅಲ್ಲ ಅಂತ ಗೊತ್ತಾಗುತ್ತೆ.

ಇಷ್ಟು ಬಿಟ್ರೆ ಊರಿನ ಹೆಸರಿಂದ ಹೆಚ್ಚೇನೂ ಗೊತ್ತಾಗಲ್ಲ. ಫೀನಿಕ್ಸ್ ಮತ್ತು ಸುತ್ತಲ ಊರುಗಳಿರೋ ಈ ಕಣಿವೆ ಪೂರ್ತಿ ಒಂದೊಂದು ಮೈಲಿಗೆ ಒಂದೊಂದು ದೊಡ್ಡ ರೋಡಿನಂತೆ ಚೌಕ ಚೌಕವಾಗಿ ಕೊಯ್ದಿಟ್ಟಿರೋದು. ಡಾಬ್ಸನ್, ಆಲ್ಮಾ ಸ್ಕೂಲ್, ಮೆಕ್ವೀನ್, ಕೂಪರ್ ಅಂತ ಉತ್ತರ ದಕ್ಷಿಣ, ರೇ, ಪೆಕೋಸ್, ಜರ್ಮನ್ ಅಂತ ಪೂರ್ವ ಪಶ್ಚಿಮ. ಆ ದೊಡ್ಡ ರೋಡುಗಳು ಆರು ಲೇನು, ಬೋರ್ಡಲ್ಲಿ 45 ಮೈಲಿ ಅಂತಿರುತ್ತೆ, ಓಡ್ಸೋರು ಐವತ್ತೈದರಲ್ಲಿ ಓಡಿಸ್ತಾರೆ. ಹತ್ತು ವರ್ಷದ ಮಗು ಅದನ್ನ ಒಂದೇ ದಾಟ್ಕೊಂಡು ಹೋಗುತ್ತೆ ಅಂತ ಯಾವ ತಾಯಿನೂ ನೆಮ್ಮದಿಯಾಗಿ ಕೂರೋಕಾಗಲ್ಲ. ಅಂದ್ರೆ ನಿಮ್ಮ ಮಗುವಿನ ಪ್ರಪಂಚ ಅನ್ನೋದು ನೀವು ಕೊಂಡ್ಕೊಂಡ ಆ ಒಂದು ಚದರ ಮೈಲಿ. ಅದರೊಳಗೆ ಪ್ರೈಮರಿ ಸ್ಕೂಲ್ ಇದ್ಯಾ, ಪಾರ್ಕ್ ಇದ್ಯಾ, ಪಾರ್ಕಿಗೆ ಹೋಗೋ ದಾರಿ ಮನೆಗಳ ಹಿಂದಿನ ಹುಲ್ಲಿನ ಓಣಿಯಲ್ಲಿ ಹೋಗುತ್ತಾ ಅಥವಾ ಬೋಳು ಕಾಂಕ್ರೀಟ್ ಮೇಲೆ ಹೋಗುತ್ತಾ, ಜಾರುಬಂಡಿ ಮೇಲೆ ಬಟ್ಟೆಯ ಚಪ್ಪರ ಕಟ್ಟಿದಾರಾ ಇಲ್ವಾ, ರಾತ್ರಿ ಲೈಟ್ ಎಷ್ಟು ಹೊತ್ತಿನವರೆಗೆ ಉರಿಯುತ್ತೆ. ಒಂದೇ ಚಾಂಡ್ಲರ್ ಒಳಗೆ ಪಕ್ಕಪಕ್ಕದ ಎರಡು ಚೌಕಗಳು ಬೇರೆ ಬೇರೆ ದೇಶದ ಹಾಗಿರ್ತವೆ. ಒಂದರಲ್ಲಿ ಮೂವತ್ತು ವರ್ಷದ ಮೆಸ್ಕೀಟ್ ಮರಗಳು ಫುಟ್‌ಪಾತ್ ಮೇಲೆ ಬಾಗಿರುತ್ತೆ, ಇನ್ನೊಂದರಲ್ಲಿ ಬಿಲ್ಡರ್ ನೆಟ್ಟ ತಾಳೆ ಮರ, ನೋಡೋಕೆ ರಿಸಾರ್ಟು, ನೆರಳು ಒಂದು ಕಂಬದಷ್ಟು.

ಪೂರ್ವದ ಬಾಗಿಲು

ಹೋದ ಚಳಿಗಾಲದಲ್ಲಿ ನಮ್ಮೆಜಮಾನ್ರ ಕಾಲೇಜಿನ ಜೂನಿಯರ್ ಒಬ್ರು ಹೆಂಡ್ತಿ ಮಕ್ಳ ಜೊತೆ ಬಂದಿದ್ರು, ದಾವಣಗೆರೆಯವರು. ಶನಿವಾರ ಪೂರ್ತಿ ರಿಯಲ್ಟರ್ ಜೊತೆ ಸುತ್ತಾಟ, ನಾನೂ ಜೊತೆಗೆ ಹೋಗಿದ್ದೆ. ಆತ ಪ್ರತಿ ಮನೆ ಮುಂದೆ ಕಾರ್ ಇಳಿದ ಕೂಡ್ಲೇ ಫೋನಲ್ಲಿ ದಿಕ್ಸೂಚಿ ತೆಗೆದು ಬಾಗಿಲ ಮುಂದೆ ನಿಂತು ನೋಡೋದು, ಪೂರ್ವ ಅಲ್ಲ ಅಂದ್ರೆ ಒಳಗೆ ಕಾಲೇ ಇಡ್ತಿರ್ಲಿಲ್ಲ. ರಿಯಲ್ಟರ್‌ಗೆ ಇದೆಲ್ಲ ಅಭ್ಯಾಸ ಆಗೋಗಿದೆ ಪಾಪ, ಈ ಕಡೆಯ ಏಜೆಂಟ್‌ಗಳಿಗೆ ವಾಸ್ತು ಅನ್ನೋ ಪದ ಬಾಯಿಪಾಠ. ಕೊನೆಗೆ ಸಂಜೆ ಐದರ ಹೊತ್ತಿಗೆ ಒಂದು ಮನೆ ಸಿಕ್ತು, ಬಾಗಿಲು ಪಕ್ಕಾ ಪೂರ್ವ. ಒಳಗೆ ಹೋದ್ರೆ ಹಾಲಿನ ಆಚೆ ಗೋಡೆ ಪೂರ್ತಿ ಗಾಜು, ಅದರಾಚೆ ಪೂಲು, ಅದರಾಚೆ ಕೆಂಪಗೆ ಮುಳುಗೋಕೆ ಹೊರಟ ಸೂರ್ಯ. ಆಕೆ ಅಲ್ಲೇ ನಿಂತ್ಬಿಟ್ಲು. ಅಕ್ಕಾ, ದಿನಾ ಸಂಜೆ ಇಲ್ಲಿ ಕಾಫಿ ಕುಡಿಯೋದು ಅಂದ್ರೆ ಹೆಂಗಿರುತ್ತೆ ಅಲ್ವಾ, ಅಂದ್ಲು.

ಅವಳ ಖುಷಿ ಕೆಡ್ಸೋಕೆ ಮನಸ್ಸಿರ್ಲಿಲ್ಲ, ಆದ್ರೂ ಹೇಳ್ದೆ. ಬಾಗಿಲು ಪೂರ್ವಕ್ಕಿದ್ರೆ ಹಿತ್ತಲು ಪಶ್ಚಿಮಕ್ಕೇ ಇರ್ಬೇಕು. ಜುಲೈಲಿ ಮಧ್ಯಾಹ್ನ ಎರಡರಿಂದ ಏಳೂವರೆವರೆಗೆ ಸೂರ್ಯ ಇದೇ ಗಾಜಿನ ಮೇಲೆ, ಇದೇ ಗೋಡೆ ಮೇಲೆ ಕೂತಿರ್ತಾನೆ. ರಾತ್ರಿ ಹತ್ತಕ್ಕೆ ಬಂದು ಆ ಗೋಡೆ ಹೊರಗಡೆ ಕೈಯಿಡಿ, ಈಗಷ್ಟೇ ಒಲೆಯಿಂದ ಇಳಿಸಿದ ರೊಟ್ಟಿ ಹಂಚು. ಏಸಿ ಅತಿ ಹೆಚ್ಚು ಓಡೋದೂ ಆ ಹೊತ್ತಲ್ಲೇ, ಕರೆಂಟ್ ಅತಿ ದುಬಾರಿ ಆಗೋದೂ ಆ ಹೊತ್ತಲ್ಲೇ, ಕರೆಂಟ್ ಕಂಪನಿ ಎಪಿಎಸ್‌ನವರ ಟೈಮ್ ಲೆಕ್ಕದ ಪ್ಲಾನಲ್ಲಿ ವಾರದ ದಿನಗಳಲ್ಲಿ ಸಂಜೆ 4ರಿಂದ 7 ಪೀಕು. ಅದಕ್ಕೇ ಇಲ್ಲಿ ಸುಮಾರು ಮನೆಗಳಲ್ಲಿ ಮಧ್ಯಾಹ್ನವೇ ಮನೆನ ಚೆನ್ನಾಗಿ ತಣ್ಣಗೆ ಮಾಡಿಟ್ಟು ಆ ಮೂರು ಗಂಟೆ ಉಸಿರು ಬಿಗಿ ಹಿಡ್ಕೊಂಡು ಕಳೀತಾರೆ. ಪಶ್ಚಿಮದ ಗಾಜಿನ ಮನೇಲಿ ಆ ಉಸಿರು ಅರ್ಧ ಗಂಟೆನೂ ನಿಲ್ಲಲ್ಲ. ಮಕ್ಳು ಸ್ಕೂಲಿಂದ ಬಂದು ಹಿತ್ತಲಲ್ಲಿ ಆಡೋ ಹೊತ್ತು ಅಂತ ನಾವು ಅಂದ್ಕೊಳ್ಳೋದೂ ಅದೇ ಹೊತ್ತು. ಇಲ್ಲಿಯ ಮನೆ ಮಾರಾಟದ ಜಾಹೀರಾತುಗಳಲ್ಲಿ ನಾರ್ತ್-ಸೌತ್ ಎಕ್ಸ್‌ಪೋಶರ್ ಅಂತ ದೊಡ್ಡದಾಗಿ ಹಾಕ್ಕೊಳ್ಳೋದು ಸುಮ್ನೆ ಅಲ್ಲ. ದಕ್ಷಿಣದ ಹಿತ್ತಲಿಗೆ ಬೇಸಿಗೇಲಿ ಸೂರ್ಯ ನೆತ್ತಿ ಮೇಲಿರ್ತಾನೆ, ಒಂದು ಪ್ಯಾಟಿಯೋ ಚಾವಣಿ ಇದ್ರೆ ಬಿಸಿಲು ಒಳಗೆ ಬರಲ್ಲ, ಚಳಿಗಾಲದಲ್ಲಿ ಸೂರ್ಯ ಕೆಳಗಿಳಿದಾಗ ಬೇಕಾದ ಬಿಸಿಲು ತಾನಾಗೇ ಒಳಗೆ ಬರುತ್ತೆ.

ಆತ ಒಪ್ಲಿಲ್ಲ. ಅಮ್ಮ ಒಪ್ಪಲ್ಲ ಅತ್ತಿಗೆ, ಅಂದ್ರು. ಸರಿ ಅಮ್ಮನ್ನೇ ಕೇಳಿ ಅಂದೆ. ಅರಿಜೋನಾದಲ್ಲಿ ಗಡಿಯಾರ ಹಿಂದೆ ಮುಂದೆ ಮಾಡೋ ಪದ್ಧತಿ ಇಲ್ಲ, ವರ್ಷಪೂರ್ತಿ ಭಾರತಕ್ಕೂ ನಮಗೂ ಹನ್ನೆರಡೂವರೆ ಗಂಟೆ ವ್ಯತ್ಯಾಸ, ಅಲ್ಲಿ ಆಗ ಭಾನುವಾರ ಬೆಳಗ್ಗೆ ಐದೂವರೆ. ಆಯಮ್ಮ ಎದ್ದು ಬಾಗಿಲಿಗೆ ನೀರು ಹಾಕ್ತಿದ್ರು. ಮಗ ಪೂರ್ತಿ ಕಥೆ ಹೇಳಿದ. ಆಯಮ್ಮ ಕೇಳಿಸ್ಕೊಂಡು, ಉತ್ತರದ ಬಾಗ್ಲೂ ಆಗುತ್ತಲ್ಲಪ್ಪಾ, ಕುಬೇರನ ದಿಕ್ಕು, ದಕ್ಷಿಣ ಒಂದು ಬೇಡ ನೋಡು, ಅಂದ್ರು. ಉತ್ತರಕ್ಕೆ ಬಾಗಿಲು, ದಕ್ಷಿಣಕ್ಕೆ ಹಿತ್ತಲು! ಮರುಭೂಮಿಗೂ ಆಯ್ತು ಶಾಸ್ತ್ರಕ್ಕೂ ಆಯ್ತು. ಆತನ ಮುಖ ಮಾತ್ರ ಇನ್ನೂ ಸಪ್ಪಗೇ ಇತ್ತು.

ಹತ್ತಕ್ಕೆ ಒಂಬತ್ತು

ಸ್ಕೂಲಿನ ವಿಷಯ ಬಂದ್ರೆ ನಮ್ಮವರ ಜೊತೆ ವಾದ ಮಾಡೋದು ಕಷ್ಟ. ರೇಟಿಂಗ್ ಒಂಬತ್ತು ಇದ್ರೆ ಚೌಕ ಹೆಂಗಿದ್ರೂ ಸರಿ. ಆ ನಂಬರಲ್ಲಿ ಅರ್ಧಕ್ಕರ್ಧ ಅಲ್ಲಿಯ ಅಪ್ಪ ಅಮ್ಮಂದಿರ ಸಂಬಳ ಮತ್ತು ಟ್ಯೂಷನ್ನೇ ಕೂತಿರುತ್ತೆ ಅನ್ನೋದು ನನ್ನ ಅಭಿಪ್ರಾಯ, ಒಪ್ಪದಿದ್ರೆ ಬಿಡಿ. ಅದಕ್ಕಿಂತ ಮುಖ್ಯ, ಅರಿಜೋನಾದಲ್ಲಿ ಓಪನ್ ಎನ್‌ರೋಲ್‌ಮೆಂಟ್ ಇದೆ, ಜಾಗ ಇದ್ರೆ ಬೇರೆ ಏರಿಯಾದ ಪಬ್ಲಿಕ್ ಸ್ಕೂಲಿಗೂ ಸೇರಿಸ್ಬಹುದು, ಮೇಲೆ ಸರ್ಕಾರದ ದುಡ್ಡಲ್ಲಿ ಬೇರೆಯವರು ನಡೆಸೋ ಚಾರ್ಟರ್ ಸ್ಕೂಲುಗಳು ಬೇಕಾದಷ್ಟಿವೆ, ನಮ್ಮವರಿಗೆ ಬೇಸಿಸ್ ಚಾಂಡ್ಲರ್ ಹೆಸರು ಗೊತ್ತಿಲ್ದೇ ಇರಲ್ಲ. 2022ರಿಂದ ಖಾಸಗಿ ಶಾಲೆಗೆ ಹೋಗೋ ಯಾವ ಮಗುಗಾದ್ರೂ ಸರ್ಕಾರದ ದುಡ್ಡು ಸಿಗೋ ಯೋಜನೆನೂ ಇದೆ. ಹಾಗಾಗಿ ಸ್ಕೂಲಿಗೋಸ್ಕರ ಅದೇ ಬೀದೀಲಿ ಮನೆ ಕೊಳ್ಳಲೇಬೇಕು ಅನ್ನೋ ಒತ್ತಡ ಬೇರೆ ರಾಜ್ಯಗಳಷ್ಟು ಇಲ್ಲಿಲ್ಲ. ಆದ್ರೆ ದೂರದ ಸ್ಕೂಲ್ ಆರಿಸ್ಕೊಂಡ್ರೆ ಕಾರ್ ಲೈನಲ್ಲಿ ನಿಲ್ಲೋರು ನೀವೇ. ಇಲ್ಲಿ ಸ್ಕೂಲ್ ಶುರುವಾಗೋದು ಜುಲೈ ಕೊನೆಗೆ, ಇನ್ನೂ ಕೆಲವು ಕಡೆ ಅದಕ್ಕೂ ಮುಂಚೆ. ಮಧ್ಯಾಹ್ನ ಮೂರಕ್ಕೆ 112 ಡಿಗ್ರಿಲಿ ಎಂಜಿನ್ ಆನ್ ಇಟ್ಕೊಂಡು ಅರ್ಧ ಗಂಟೆ ಸಾಲಲ್ಲಿ ಕೂರೋದು, ದಿನಾ. ಚೌಕದೊಳಗಿನ ಏಳು ರೇಟಿಂಗಿನ ಸ್ಕೂಲಿಗೆ ಮರದ ಕೆಳಗೆ ಹತ್ತು ನಿಮಿಷ ನಡೆದು ಹೋಗೋ ಮಗುಗೆ ಸಿಗೋ ಗೆಳೆಯರು ಪಕ್ಕದ ಬೀದಿಯವರಾಗಿರ್ತಾರೆ. ಅದಕ್ಕೆ ಶೀಟಲ್ಲಿ ಎಷ್ಟು ಪಾಯಿಂಟ್ ಕೊಡ್ತೀರಿ?

ಹಳೇ ಏರಿಯಾಗಳಲ್ಲಿ ಇನ್ನೊಂದು ಸಮಸ್ಯೆ ಇದೆ, ಅದನ್ನೂ ಹೇಳ್ಬೇಕು. ಟೆಂಪಿ, ಅವಾಟೂಕಿ, ಉತ್ತರ ಚಾಂಡ್ಲರ್ ಇಲ್ಲೆಲ್ಲ ಮರಗಳು ದೊಡ್ಡವಾಗಿವೆ, ಮಕ್ಳೂ ದೊಡ್ಡವರಾಗಿ ಹೋಗ್ಬಿಟ್ಟಿದಾರೆ. ಮನೆ ಬೆಲೆ ಏರಿ ಚಿಕ್ಕ ಮಕ್ಳಿರೋ ಸಂಸಾರಗಳು ದೂರ ಹೋದವು, ಸ್ಕೂಲುಗಳಲ್ಲಿ ಸೀಟು ಖಾಲಿ, ಕೆಲವನ್ನ ಮುಚ್ಚೋ ಮಾತೂ ಬಂತು. ಅತ್ತ ಗಿಲ್ಬರ್ಟಲ್ಲಿ 1970ರಲ್ಲಿ ಎರಡು ಸಾವಿರ ಜನನೂ ಇರ್ಲಿಲ್ಲ, ಒಂದು ಕಾಲದಲ್ಲಿ ಹಸುವಿನ ಮೇವು ರೈಲಿಗೆ ತುಂಬೋದಕ್ಕೇ ಹೆಸರಾಗಿದ್ದ ಊರು, 2020ರ ಗಣತಿ ಹೊತ್ತಿಗೆ 2,67,918. ಮಕ್ಳೆಲ್ಲ ಆ ಕಡೆ, ಮರಗಳೆಲ್ಲ ಈ ಕಡೆ. ಸೇಫ್ ಸಿಟಿ ಲಿಸ್ಟುಗಳಲ್ಲಿ ಗಿಲ್ಬರ್ಟ್ ಯಾವಾಗ್ಲೂ ಮೇಲಿರುತ್ತೆ, ಆದ್ರೆ 2023ರ ಅಕ್ಟೋಬರಲ್ಲಿ ಪಕ್ಕದ ಕ್ವೀನ್ ಕ್ರೀಕಲ್ಲಿ ಒಂದು ಪಾರ್ಟಿ ಹೊರಗೆ ಹದಿನಾರರ ಹುಡುಗನನ್ನ ಹುಡುಗರ ಗುಂಪು ಹೊಡೆದು ಆತ ತೀರ್ಕೊಂಡ, ಆಮೇಲೆ ಗಿಲ್ಬರ್ಟ್ ಸುತ್ತ ಅಂಥ ಎಷ್ಟೋ ಹೊಡೆದಾಟಗಳು ಹೊರಗೆ ಬಂದವು. ಹೊಡೆದವರು ಅನುಕೂಲಸ್ಥರ ಮನೆ ಮಕ್ಳೇ. ಹದಿಮೂರು ದಾಟಿದ ಹುಡುಗ್ರಿಗೆ ಸಂಜೆ ಹೋಗೋಕೆ ಏನಿದೆ ಅನ್ನೋ ಕಾಲಮ್ಮೂ ಆ ಲಿಸ್ಟುಗಳಲ್ಲಿ ಇರಲ್ಲ.

ಅಪ್ಪ ನೋಡಿದ ನೀರು

ಸಂಸಾರಕ್ಕೆ ಒಳ್ಳೇ ಏರಿಯಾ ಅನ್ನೋವಾಗ ನಮ್ಮ ಸಂಸಾರದಲ್ಲಿ ವರ್ಷಕ್ಕೆ ಆರು ತಿಂಗಳು ಅಜ್ಜ ಅಜ್ಜಿನೂ ಇರ್ತಾರೆ ಅನ್ನೋದನ್ನ ಮರೀತೀವಿ. ನಮ್ಮಪ್ಪ ಬಳ್ಳಾರಿಯವರು. ಬಳ್ಳಾರೀಲಿ ಇರೋದು ಎರಡೇ ಕಾಲ, ಬೇಸಿಗೆ ಮತ್ತು ಕಡುಬೇಸಿಗೆ, ಅನ್ನೋ ಮಾತು ಎಲ್ರಿಗೂ ಗೊತ್ತು. ಹಾಗಾಗಿ ಮೇ ತಿಂಗಳಲ್ಲಿ ಬನ್ನಿ ಅನ್ಲೋ ಬೇಡ್ವೋ ಅಂತ ನಾನು ಯೋಚಿಸ್ತಿದ್ರೆ ಅವರು, ನಮ್ಮೂರ ಬಿಸ್ಲು ಕಂಡೋನಿಗೆ ನಿಮ್ಮೂರಿಂದೇನು ಹೇಳವ್ವಾ, ಅಂತ ಬಂದೇ ಬಿಟ್ರು. ಬಿಸಿಲು ಅವರನ್ನ ನಿಜವಾಗ್ಲೂ ಏನೂ ಮಾಡ್ಲಿಲ್ಲ. ಬೆಳಗ್ಗೆ ಐದಕ್ಕೇ ಎದ್ದು ವಾಕಿಂಗ್, ಆರೂವರೆಗೆ ವಾಪಸ್, ಮಧ್ಯಾಹ್ನ ಪರದೆ ಎಳ್ಕೊಂಡು ನಿದ್ದೆ. ಡ್ರೈವರ್ ಇಲ್ದೆ ತಾನೇ ಓಡೋ ವೇಮೋ ಕಾರು ಸಿಗ್ನಲ್ಲಲ್ಲಿ ನಿಂತಿದ್ದನ್ನ ನೋಡಿ ಅದಕ್ಕೆ ಕೈ ಮುಗಿದ್ರು, ಅದು ಬೇರೆ ಕಥೆ. ಅವರನ್ನ ಕಾಡಿದ್ದು ಸಂಜೆ. ಬಳ್ಳಾರೀಲಿ ಎಷ್ಟೇ ಕಾದಿದ್ರೂ ಸೂರ್ಯ ಮುಳುಗಿದ ಮೇಲೆ ಮಾಳಿಗೆ ಮೇಲೆ ನೀರು ಚಿಮುಕಿಸಿ ಚಾಪೆ ಹಾಕಿದ್ರೆ ಹನ್ನೊಂದರ ಹೊತ್ತಿಗೆ ಗಾಳಿ ಬರ್ತಿತ್ತು. ಇಲ್ಲಿ ಹಗಲೆಲ್ಲ ಕುಡಿದ ಬಿಸಿಲನ್ನ ಡಾಂಬರು ಕಾಂಕ್ರೀಟು ರಾತ್ರಿಯಿಡೀ ಬಿಡ್ತಾನೇ ಇರುತ್ತೆ. ನಮ್ಮ ಹಳೇ ಮನೆ ಮುಂದೆ ಒಂದು ಬೇವಿನ ಮರ, ಅದರ ಕೆಳಗೊಂದು ಕಟ್ಟೆ, ಓಣಿಯ ಮುದುಕ್ರೆಲ್ಲ ಅಲ್ಲೇ. ನಮ್ಮ ಈ ಬೀದೀಲಿ ಎಲ್ಲಿ ನೋಡಿದ್ರೂ ಜಲ್ಲಿಕಲ್ಲಿನ ಅಂಗಳ, ಗ್ಯಾರೇಜ್ ಬಾಗಿಲು. ಒಂದಿನ ಅಂದ್ರು, ಬಿಸ್ಲೇನೋ ನಮ್ದೇ ಐತೆ ಬಿಡು, ಕುಂದ್ರಾಕೆ ಜಾಗ ಇಲ್ಲ.

ಅದೇ ಜೂನಲ್ಲಿ ಟೆಂಪಿಯ ಹಳೇ ಏರಿಯಾ ಒಂದರಲ್ಲಿರೋ ಗೆಳತಿ ಮನೆಗೆ ಊಟಕ್ಕೆ ಹೋಗಿದ್ವಿ. ಕಾರಿಂದ ಇಳಿದ ಕೂಡ್ಲೇ ಅಪ್ಪ ನಿಂತು ಗಾಳಿ ಮೂಸಿದ್ರು, ಇಲ್ಲೆಲ್ಲೋ ನೀರು ಐತೆ, ಅಂದ್ರು. ಬೀದಿ ಪೂರ್ತಿ ದೊಡ್ಡ ಮರ, ಪೀಕಾನ್, ಕಿತ್ತಳೆ, ಬೂರುಗದಷ್ಟು ಎತ್ತರದ ಯಾವ್ಯಾವುದೋ. ಊಟ ಮುಗಿಸಿ ಹತ್ತೂವರೆ ಹೊತ್ತಿಗೆ ಹೊರಗೆ ಬಂದ್ರೆ ಪಕ್ಕದ ಮನೆಯ ಬಿಳಿ ಮುದುಕ ರಬ್ಬರ್ ಬೂಟ್ ಹಾಕ್ಕೊಂಡು ಟಾರ್ಚ್ ಹಿಡ್ಕೊಂಡು ಅಂಗಳದಲ್ಲಿ ಒಂದು ಕಬ್ಬಿಣದ ತಿರುಗುಣಿ ತಿರುಗಿಸ್ತಿದ್ದ, ಭುಳುಭುಳು ಅಂತ ನೀರು ಉಕ್ಕಿ ಅಂಗಳ ಪೂರ್ತಿ ಹರೀತಿತ್ತು, ಸುತ್ತ ಒಂದು ಗೇಣಿನ ಬದು. ನಮ್ಮಪ್ಪನಿಗೆ ಯಾರೂ ಏನೂ ವಿವರಿಸ್ಬೇಕಾಗ್ಲಿಲ್ಲ. ಸಿರುಗುಪ್ಪ ಹತ್ರದ ನಮ್ಮ ಗದ್ದೆಗೆ ತುಂಗಭದ್ರಾ ಎಲ್‌ಎಲ್‌ಸಿ ಕಾಲುವೆ ನೀರು ಸರದಿ ಪ್ರಕಾರ ಬರ್ತಿದ್ದಾಗ ರಾತ್ರಿ ಎರಡಕ್ಕೆ ಎದ್ದು ಬದು ಕಾಯ್ದೋರು ಅವರು. ಚಪ್ಪಲಿ ಬಿಚ್ಚಿ ಪಂಚೆ ಎತ್ತಿ ಕಟ್ಟಿ ಸೀದಾ ಆತನ ಅಂಗಳಕ್ಕೆ ಇಳಿದ್ರು, ಒಂದು ಕಡೆ ಬದು ಸೋರ್ತಿತ್ತು, ಕಾಲಲ್ಲೇ ಮಣ್ಣು ಒತ್ತಿ ಮುಚ್ಚಿದ್ರು. ಆ ಮುದುಕನಿಗೂ ಖುಷಿ. ಇಬ್ರಿಗೂ ಒಬ್ಬರ ಭಾಷೆ ಇನ್ನೊಬ್ರಿಗೆ ಬರಲ್ಲ, ಅರ್ಧ ಗಂಟೆ ಮಾತಾಡಿದ್ರು. ನಾನು ನಡುವೆ ನಿಂತು ಅಷ್ಟಿಷ್ಟು ತರ್ಜುಮೆ ಮಾಡ್ದೆ: ಸಾಲ್ಟ್ ರಿವರ್ ಪ್ರಾಜೆಕ್ಟಿನ ಕಾಲುವೆ ನೀರು, ಬೇಸಿಗೇಲಿ ಸುಮಾರು ಎರಡು ವಾರಕ್ಕೊಂದ್ಸಲ ಸರದಿ, ಸರದಿ ನಡುರಾತ್ರಿ ಬಂದ್ರೂ ಎದ್ದು ಬಿಡ್ಕೋಬೇಕು. ಮೇಲೆ ರೂಸ್‌ವೆಲ್ಟ್ ಡ್ಯಾಮು, 1911ರದ್ದು. ಅದಕ್ಕಿಂತ ನೂರಾರು ವರ್ಷ ಹಿಂದೆ ಹೊಹೊಕಾಮ್ ಅನ್ನೋ ಇಲ್ಲಿಯ ಮೂಲ ಜನ ತೋಡಿದ್ದ ಕಾಲುವೆಗಳ ಜಾಡಿನಲ್ಲೇ ಈಗಿನ ಕೆಲವು ಕಾಲುವೆಗಳೂ ಹರೀತಿವೆ. ಅಪ್ಪ ಕೇಳಿದ್ದು ಒಂದೇ, ಟೇಲ್ ಎಂಡಿನೋರಿಗೆ ನೀರು ಮುಟ್ಟುತ್ತಾ?

ಆವತ್ತು ಅವರು ಆ ಬೀದೀಲಿ ಹನ್ನೊಂದೂವರೆವರೆಗೆ ಕೂತಿದ್ರು, ನಮ್ಮನೆ ಬೀದೀಲಿ ಒಂದು ರಾತ್ರಿನೂ ಕೂತೋರಲ್ಲ. ಎರಡಕ್ಕೂ ನಡುವೆ ಇರೋದು ಹದಿನೈದು ಮೈಲಿನೂ ಇಲ್ಲ. ಈ ಥರ ನೀರಾವರಿ ಇರೋ ಜಾಗಗಳು ಟೆಂಪಿ, ಮೇಸಾ, ಫೀನಿಕ್ಸ್‌ನ ಆರ್ಕೇಡಿಯಾ, ಮತ್ತೆ ಗಿಲ್ಬರ್ಟ್ ಚಾಂಡ್ಲರ್‌ನ ಕೆಲವು ಹಳೇ ತುಂಡುಗಳಲ್ಲಿವೆ. ಮನೆಗಳು ಹಳೇವು, ಕಿಚನ್ ಚಿಕ್ಕದು, ಆರ್ಕೇಡಿಯಾ ಅಂತೂ ನಮ್ಮಂಥೋರ ಕೈಗೆ ಸಿಗಲ್ಲ. ಎಲ್ರೂ ಅಲ್ಲೇ ಹೋಗಿ ಅಂತ ನಾನು ಹೇಳಲ್ಲ. ಮರ ಇರೋ ಚೌಕ ಬೇರೆ ಕಡೆನೂ ಇವೆ, ಹುಡುಕ್ಬೇಕು. ಅಜ್ಜ ಅಜ್ಜಿನ ಕರೆಸೋದಾದ್ರೆ ಮಾತ್ರ ಬೇರೆ ರಾಜ್ಯದೋರ ಥರ ಬೇಸಿಗೇಲಿ ಕರೆಸ್ಬೇಡಿ, ದೀಪಾವಳಿಗೆ ಬಂದು ಯುಗಾದಿ ಮುಗಿಸ್ಕೊಂಡು ಹೋಗ್ಲಿ. ಟೆಂಪಿಯ ಪುತ್ತಿಗೆ ಮಠದ ಕೃಷ್ಣನ ದೇವಸ್ಥಾನ ಹತ್ರ ಆದ್ರೆ ಅವರಿಗೆ ಕನ್ನಡ, ತುಳು ಎರಡೂ ಕಿವಿಗೆ ಬೀಳುತ್ತೆ. ಗಣಪತಿ ದೇವಸ್ಥಾನ ಮರಿಕೋಪಾ ಊರಲ್ಲಿದೆ, ಅಲ್ಲಿಗೆ ನೀವೇ ಕರ್ಕೊಂಡು ಹೋಗ್ಬೇಕು, ಆ ದಾರಿಯ 347 ಹೆದ್ದಾರಿಯ ಟ್ರಾಫಿಕ್ ಬಗ್ಗೆ ಇಲ್ಲಿ ಬರೆಯೋಕೆ ಜಾಗ ಸಾಲಲ್ಲ.

ಇನ್ನಷ್ಟು ಚಿಲ್ಲರೆ ವಿಷಯ, ಚಿಲ್ಲರೆ ಅಲ್ಲದ್ದೂ

ಬೆಲೆ ಕಮ್ಮಿ ಅಂತ ದೂರ ದೂರ ಹೋಗೋರು ನೀರು ಎಲ್ಲಿಂದ ಬರುತ್ತೆ ಅಂತ ಕೇಳಿ. 1980ರ ಅಂತರ್ಜಲ ಕಾನೂನಿನ ಮೇಲೆ ಇಲ್ಲಿ ಹೊಸ ಲೇಔಟ್ ಮಾಡ್ಬೇಕಾದ್ರೆ ನೂರು ವರ್ಷಕ್ಕೆ ನೀರಿದೆ ಅಂತ ತೋರಿಸ್ಬೇಕು. 2023ರ ಜೂನಲ್ಲಿ ರಾಜ್ಯ ಸರ್ಕಾರ, ಬರೀ ಅಂತರ್ಜಲ ನಂಬಿರೋ ಹೊಸ ಲೇಔಟ್‌ಗಳಿಗೆ ಇನ್ಮೇಲೆ ಒಪ್ಪಿಗೆ ಇಲ್ಲ ಅಂತು, ಬಕೈ, ಕ್ವೀನ್ ಕ್ರೀಕ್ ಕಡೆ ಅದರ ಬಿಸಿ ತಟ್ತು. ಅದೇ ವರ್ಷ ಜನವರಿ 1ಕ್ಕೆ ರಿಯೋ ವೆರ್ಡೆ ಫುಟ್‌ಹಿಲ್ಸ್ ಅನ್ನೋ ಜಾಗಕ್ಕೆ ಹೋಗ್ತಿದ್ದ ಟ್ಯಾಂಕರ್ ನೀರನ್ನ ಪಕ್ಕದ ಸ್ಕಾಟ್ಸ್‌ಡೇಲ್ ನಗರ ನಿಲ್ಲಿಸ್ತು, ಅಲ್ಲಿಯವರು ಮಳೆನೀರು ಹಿಡಿಯೋಕೆ ಬಕೆಟ್ ಇಟ್ಟಿದ್ದ ಸುದ್ದಿ ಎಲ್ಲಾ ಕಡೆ ಬಂತು. ಟ್ಯಾಂಕರ್ ಅಂದ್ರೆ ಏನು ಅಂತ ಬೆಂಗ್ಳೂರಿನೋರಿಗೆ ಹೇಳ್ಕೊಡ್ಬೇಕಾ.

ಚೇಳಿನ ಬಗ್ಗೆ ಎಲ್ರೂ ಕೇಳ್ತಾರೆ. ಇವೆ. ಯುವಿ ಟಾರ್ಚ್ ಹಾಕಿದ್ರೆ ಹಸಿರಾಗಿ ಹೊಳೀತವೆ, ಮನೆ ಕೊಳ್ಳೋಕ್ ಮುಂಚೆ ರಾತ್ರಿ ಆ ಟಾರ್ಚ್ ಹಿಡ್ಕೊಂಡು ಕಾಂಪೌಂಡ್ ಗೋಡೆ ಒಂದು ಸುತ್ತು ನೋಡಿ. ನಮ್ಮ ಯಾದಗಿರಿ ಜಿಲ್ಲೆಯ ಕಂದಕೂರಲ್ಲಿ ನಾಗರ ಪಂಚಮಿ ದಿನ ಮಕ್ಳು ಚೇಳನ್ನ ಕೈ ಮೇಲೆ ಬಿಟ್ಕೊಂಡು ಆಡ್ತಾರೆ ಅಂತ ನಾನು ಇಲ್ಲಿಯವರಿಗೆ ಹೇಳಿದ್ರೆ ಯಾರೂ ನಂಬಲ್ಲ. ಚೇಳಿಗಿಂತ ನನಗೆ ಭಯ ಪೂಲು. ಆರು ವರ್ಷದೊಳಗಿನ ಮಕ್ಳಿರೋ ಮನೇಲಿ ಪೂಲಿಗೆ ಐದಡಿ ಬೇಲಿ ಇರ್ಬೇಕು ಅಂತ ರಾಜ್ಯದ ಕಾನೂನೇ ಇದೆ. ಮನೆ ಫೋಟೋ ಚೆನ್ನಾಗಿ ಬರ್ಲಿ ಅಂತ ಬೇಲಿ ಬಿಚ್ಚಿಟ್ಟಿರ್ತಾರೆ, ಎಲ್ಲಿಟ್ಟಿದೀರಿ ಅಂತ ಕೇಳಿ ತಗೊಳ್ಳಿ.

ಇಷ್ಟೆಲ್ಲ ಬರೀವಾಗ ಇನ್ನೊಂದು ಮನಸ್ಸಲ್ಲಿ ಕೊರೀತಾ ಇರುತ್ತೆ. 2023ರಲ್ಲಿ ಫೀನಿಕ್ಸ್ ಇರೋ ಈ ಮರಿಕೋಪಾ ಕೌಂಟಿ, ಅಂದ್ರೆ ಜಿಲ್ಲೆ, ಒಂದರಲ್ಲೇ ಬಿಸಿಲಿನ ಕಾರಣಕ್ಕೆ 645 ಜನ ಸತ್ರು. ಅದರಲ್ಲಿ ಬಹಳಷ್ಟು ಜನಕ್ಕೆ ಮನೆನೇ ಇರ್ಲಿಲ್ಲ, ಇದ್ದೋರಲ್ಲಿ ಎಷ್ಟೋ ಜನಕ್ಕೆ ಏಸಿ ಕೆಲಸ ಮಾಡ್ತಿರ್ಲಿಲ್ಲ. ನಮ್ಮ ಚೌಕದ ಮರಗಳಿಗೆ ಕತ್ತರಿ ಹಾಕೋರು ಬೆಳಗ್ಗೆ ಐದಕ್ಕೇ ಟ್ರಕ್ಕಲ್ಲಿ ಬಂದು ಹನ್ನೊಂದರೊಳಗೆ ಹೋಗ್ತಾರೆ, ಅವರು ವಾಸ ಇರೋ ಕಡೆ ಮರ ಇರಲ್ಲ. ದಕ್ಷಿಣ ಫೀನಿಕ್ಸಲ್ಲಿ ಒಂದ್ಸಲ ಬಸ್ ಸ್ಟಾಪಲ್ಲಿ ಲೈಟ್ ಕಂಬದ ನೆರಳಲ್ಲಿ ಒಂದೇ ಸಾಲಾಗಿ ನಿಂತ ಜನರನ್ನ ನೋಡಿದೀನಿ, ಸೂರ್ಯ ಸರಿದ ಹಾಗೆ ಆ ಸಾಲೂ ಸರೀತಿತ್ತು. ಆ ಬಸ್ ಸ್ಟಾಪಿನ ಪಕ್ಕ ಮನೆ ನೋಡಿ ಅಂತ ಯಾವ ಅಕ್ಕನೂ ಯಾರಿಗೂ ಹೇಳಲ್ಲ, ನಾನೂ ಹೇಳಲ್ಲ.

ದಾವಣಗೆರೆಯವರು ಏನು ಮಾಡಿದ್ರು

ನಾನು ಹೇಳಿದ್ದು, ಮೊದಲ ಬೇಸಿಗೆ ಬಾಡಿಗೆಗೆ ಇರಿ, ಯಾವ ಚೌಕದ ಮೇಲೆ ಕಣ್ಣಿದ್ಯೋ ಅದರ ಹತ್ರದ ಅಪಾರ್ಟ್‌ಮೆಂಟಲ್ಲಿ. ಬಡ್ಡಿ ದರ, ಬಾಡಿಗೆ ದಂಡ, ಎರಡು ಸಲ ಸಾಮಾನು ಸಾಗಿಸೋ ಖರ್ಚು ಅಂತ ಆತ ಲೆಕ್ಕ ತೆಗೆದ್ರು, ಆಕೆ ಹಟ ಹಿಡಿದ್ಲು, ಕೊನೆಗೆ ಬಾಡಿಗೆಗೇ ಬಂದ್ರು. ಜುಲೈ ಪೂರ್ತಿ ಆಕೆ ರಾತ್ರಿ ಎಂಟೂವರೆಗೆ ಮಕ್ಳನ್ನ ಕರ್ಕೊಂಡು ಒಂದೊಂದು ದಿನ ಒಂದೊಂದು ಪಾರ್ಕಿಗೆ ಹೋಗಿದಾಳೆ. ಇಲ್ಲಿ ಆ ತಿಂಗಳು ಕತ್ತಲಾಗೋದೇ ಎಂಟರ ಮೇಲೆ, ಸಂಸಾರಗಳು ಹೊರಗೆ ಬರೋದೂ ಆಗ್ಲೇ. ಕೆಲವು ಪಾರ್ಕುಗಳಲ್ಲಿ ರಾತ್ರಿ ಹತ್ತಕ್ಕೂ ಜಾತ್ರೆ, ಬಾಸ್ಕೆಟ್‌ಬಾಲ್, ಸ್ಕೂಟರು, ಬೆಂಚಿನ ಮೇಲೆ ತೆಲುಗು ತಮಿಳು ಸ್ಪ್ಯಾನಿಶ್ ಎಲ್ಲ ಭಾಷೆಯ ಅಜ್ಜಿಯರು, ನಿಂಬೆಹಣ್ಣಿನ ಪಾನಕದ ಬಾಟ್ಲು. ಇನ್ನು ಕೆಲವು ಕಡೆ ನಾಲ್ಕೈದು ಸಾವಿರ ಚದರಡಿಯ ಮನೆಗಳು, ಎಲ್ರೂ ಅವರವರ ಪೂಲಲ್ಲಿ, ಪಾರ್ಕಲ್ಲಿ ಒಂದು ಮಗು ಇಲ್ಲ.

ಆಗಸ್ಟಲ್ಲಿ ಫೋನ್ ಮಾಡಿದ್ಲು. ಅಕ್ಕಾ, ಮೆಕ್ವೀನ್ ಆಚೆಯ ಆ ಏರಿಯಾ ತೆಗೆದು ಹಾಕ್ದೆ, ಸ್ಕೂಲೇನೋ ಒಂಬತ್ತು, ಪಾರ್ಕಲ್ಲಿ ಲೈಟೂ ಇಲ್ಲ ಜನನೂ ಇಲ್ಲ, ಅಂದ್ಲು. ನಿಮ್ಮನೆಯವರು ಒಪ್ಪಿದ್ರಾ ಅಂದೆ. ಮೊದಲ ಕರೆಂಟ್ ಬಿಲ್ ಬಂದ ಮೇಲೆ ಒಪ್ಪಿದ್ರು, ಈ ಅಪಾರ್ಟ್‌ಮೆಂಟಿನ ಬೆಡ್‌ರೂಮು ಪಶ್ಚಿಮಕ್ಕಿದೆ, ಅಂತ ನಕ್ಕಳು. ಈಗ ಉತ್ತರ ಚಾಂಡ್ಲರಲ್ಲಿ ಒಂದು, ಗಿಲ್ಬರ್ಟಲ್ಲಿ ಒಂದು ಮನೆ ಮೇಲೆ ಕಣ್ಣಿಟ್ಟಿದಾರೆ, ಎರಡಕ್ಕೂ ಬಾಗಿಲು ಉತ್ತರ. ಮುಂದಿನ ವಾರ ನೋಡೋಕೆ ಹೋಗ್ತಾರಂತೆ, ಸಂಜೆ ಐದೂವರೆಗೆ. ಆ ಹೊತ್ತು ಬೇಡ, ಬೆಳಗ್ಗೆ ಎಂಟಕ್ಕೆ ಬನ್ನಿ ಅಂತ ರಿಯಲ್ಟರ್ ಎರಡು ಸಲ ಮೆಸೇಜ್ ಮಾಡಿದಾರಂತೆ.